1907: ಒಬ್ಬ ಪಾಸು, ಒಬ್ಬ ಫೇಲು

ಆಗಸ್ಟ್ ಬಂತೆಂದರೆ ನಮ್ಮ ಆಫೀಸಲ್ಲಿ ಕ್ಯಾಂಪಸ್ ಸೀಸನ್ ಶುರು. ಇಂಟರ್‌ವ್ಯೂ ಪ್ಯಾನೆಲ್‌ಗೆ ನನ್ನ ಹೆಸರು ಬೀಳೋದು ಮಾಮೂಲು. ಈ ಸಲ ಇಂಟರ್‌ವ್ಯೂಗಿಂತ ಮೊದಲಿನ ಕೆಲಸವೂ ನನ್ನ ತಲೆಗೇ ಬಂತು. ಕಾಲೇಜುಗಳಿಂದ ಬಂದ ನಾನೂರು ಚಿಲ್ಲರೆ ಹೆಸರುಗಳಿದ್ದ ಒಂದು ಎಕ್ಸೆಲ್ ಶೀಟು. ಹತ್ತನೇ ಕ್ಲಾಸಲ್ಲಿ 60, ಪಿಯುಸಿಯಲ್ಲಿ 60, ಬಿ.ಇ.ಯಲ್ಲಿ 60. ಮೂರರಲ್ಲಿ ಒಂದು ಕಡಿಮೆ ಇದ್ದರೂ ಹೆಸರು ಕೆಳಗೆ. ಈ ಫಿಲ್ಟರ್ ಹಾಕೋಕೆ ಎರಡು ನಿಮಿಷ ಸಾಕು. ಹಾಕಿದೆ, ಕಾಫಿಗೆ ಹೋದೆ.

ಎರಡು ದಿನ ಬಿಟ್ಟು ಒಬ್ಬ ಹುಡುಗ ನನ್ನನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿಕೊಂಡು ಬಂದು ಮೆಸೇಜ್ ಮಾಡಿದ. 'ಸರ್, ಬಿ.ಇ.ಯಲ್ಲಿ 81 ಇದೆ. ಟೆಸ್ಟ್‌ಗೂ ಕರೆದಿಲ್ಲ. ಯಾಕೆ ಅಂತ ಹೇಳ್ತೀರಾ?' ಶೀಟ್ ತೆಗೆದು ನೋಡಿದೆ. ಹತ್ತನೇ ಕ್ಲಾಸಲ್ಲಿ 56. ಆ ವರ್ಷ ಅವರಪ್ಪನಿಗೆ ಆಕ್ಸಿಡೆಂಟ್ ಆಗಿ ಆಸ್ಪತ್ರೆ, ಮನೆ ಅಂತ ಓಡಾಡಿದ್ದನಂತೆ. ತಾನು ಬರೆದ ಕೋಡ್‌ನ ಲಿಂಕನ್ನೂ ಕಳಿಸಿದ್ದ. ತೆರೆದು ನೋಡಿದರೆ ಚೆನ್ನಾಗೇ ಇತ್ತು. ಎಚ್‌ಆರ್‌ನವರನ್ನು ಕೇಳಿದರೆ 'ಪಾಲಿಸಿ' ಅಂದರು. ನಾನೂ ಅವನಿಗೆ ಅದನ್ನೇ ಇನ್ನೊಂಚೂರು ಮೆತ್ತಗೆ ಬರೆದು ಕಳಿಸಿದೆ.

ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ 625ಕ್ಕೆ 378. ಅಂದರೆ 60.48. ಅದರ ಕತೆ ಆಮೇಲೆ ಹೇಳ್ತೀನಿ.

ಶಾಲೆಯ ಮಾರ್ಕ್ಸಿಗೂ ಮುಂದಿನ ಬದುಕಿಗೂ ಸಂಬಂಧ ಇದೆಯಾ ಅಂತ ಕೇಳಿದರೆ ನಮ್ಮ ಫ್ಯಾಮಿಲಿ ವಾಟ್ಸಪ್ ಗ್ರೂಪಿನ ಹತ್ತಿರ ಉತ್ತರ ರೆಡಿ ಇದೆ: ಫೇಲಾಗಿ ದೊಡ್ಡವರಾದವರ ಪಟ್ಟಿ. ಅದರ ತಲೆಯ ಮೇಲೆ ಯಾವಾಗಲೂ ಐನ್‌ಸ್ಟೈನ್. ಪಾಪ, ಆತ ಗಣಿತದಲ್ಲಿ ಫೇಲಾದವನೇ ಅಲ್ಲ. 1895ರಲ್ಲಿ, 16ನೇ ವಯಸ್ಸಿಗೇ ಜ್ಯೂರಿಕ್‌ನ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂತು ಬೇರೆ ವಿಷಯಗಳಲ್ಲಿ ಎಡವಿದ. ಗಣಿತ, ಭೌತಶಾಸ್ತ್ರ ಎರಡೂ ಚೆನ್ನಾಗೇ ಆಗಿತ್ತು. ಪಟ್ಟಿಯ ಎರಡನೇ ಹೆಸರು ರಾಮಾನುಜನ್. ಅವರು ಫೇಲಾಗಿದ್ದು ನಿಜ, ಅದೂ ಒಂದು ಸಲ ಅಲ್ಲ. ಆ ಹುಡುಗನಿಗೆ ಮೆಸೇಜ್ ಕಳಿಸಿದ ರಾತ್ರಿ ನಿದ್ದೆ ಬರದೆ ಅವರ ಬಗ್ಗೆ ಓದುತ್ತಾ ಕೂತೆ. ಪಟ್ಟಿಯಲ್ಲಿ ಹೇಳದೇ ಇರೋ ಕತೆಯೇ ಜಾಸ್ತಿ ಅಂತ ಆಗ ಗೊತ್ತಾಯ್ತು.

ಮೊದಲು ಪರೀಕ್ಷೆ ಅನ್ನೋ ಈ ಯಂತ್ರ ಎಲ್ಲಿಂದ ಬಂತು ನೋಡೋಣ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಒಂದು ನಿರ್ಣಯ ಹೊರಡಿಸಿದ: ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಶಾಲೆಗಳಲ್ಲಿ ಕಲಿತವರಿಗೆ ಆದ್ಯತೆ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಬಂದವು. ವಿಶ್ವವಿದ್ಯಾಲಯ ಅಂದ ತಕ್ಷಣ ನಮ್ಮ ಕಣ್ಣಿಗೆ ಪಾಠ, ಪ್ರೊಫೆಸರ್, ಹುಲ್ಲುಹಾಸು ಬರುತ್ತೆ. ಇವು ಹಾಗಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಟ್ಟಿದ ಇವುಗಳ ಮುಖ್ಯ ಕೆಲಸ ಪರೀಕ್ಷೆ ನಡೆಸೋದು, ಪದವಿ ಕೊಡೋದು. ಪಾಠ ಮಾಡೋದು ಕಾಲೇಜುಗಳ ತಲೆನೋವು. 1858ರಲ್ಲಿ ಕಲ್ಕತ್ತದಲ್ಲಿ ಮೊದಲ ಬಿ.ಎ. ಪರೀಕ್ಷೆ ನಡೆದಾಗ ಪೂರ್ತಿ ಪಾಸಾದವರು ಒಬ್ಬರೂ ಇಲ್ಲ. ಆರು ವಿಷಯಗಳಲ್ಲಿ ಐದು ಪಾಸಾಗಿ, ಆರನೆಯದರಲ್ಲಿ ಸ್ವಲ್ಪದರಲ್ಲೇ ತಪ್ಪಿಸಿಕೊಂಡಿದ್ದ ಇಬ್ಬರಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದರು. ಆ ಇಬ್ಬರಲ್ಲಿ ಒಬ್ಬರು ಬಂಕಿಮಚಂದ್ರ ಚಟರ್ಜಿ. ನಮ್ಮ ದೇಶದ ಬಿ.ಎ. ಹುಟ್ಟಿದ್ದೇ ಗ್ರೇಸ್ ಮಾರ್ಕ್ಸಲ್ಲಿ ಅಂತ ತಿಳಿದಾಗ ನಂಗೆ ಯಾಕೋ ಸ್ವಲ್ಪ ಸಮಾಧಾನ ಆಯ್ತು.

ಪರೀಕ್ಷೆಯ ಪರವಾಗಿ ಅತ್ಯಂತ ಜೋರಾಗಿ ಮಾತಾಡಿದವನು ನಮಗೆಲ್ಲ ಗೊತ್ತಿರುವ ಮೆಕಾಲೆ. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಓದಿಸುವ ವಿಷಯ ಯಾವುದಾದರೂ ಪರವಾಗಿಲ್ಲ, ಜ್ಯೋತಿಷ್ಯವನ್ನೇ ಕಲಿಸಿದರೂ ಎಲ್ಲರಿಗಿಂತ ಚೆನ್ನಾಗಿ ಜಾತಕ ಬರೆಯುವ ಹುಡುಗನೇ ಸಾಮಾನ್ಯವಾಗಿ ಮುಂದೆಯೂ ಮೇಲಿನವನಾಗಿರುತ್ತಾನೆ. ಇವತ್ತಿನ ಎಚ್‌ಆರ್ ಕೂಡ ಒಳಗೊಳಗೆ ನಂಬಿರೋದು ಇದನ್ನೇ. ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನಕ್ಕೂ ಜಾವಾ ಕೋಡಿಗೂ ಸಂಬಂಧ ಇಲ್ಲ ಅನ್ನೋದು ಅವರಿಗೂ ಗೊತ್ತು. ಅಲ್ಲಿ ಚೆನ್ನಾಗಿ ಮಾಡಿದವನು ಇಲ್ಲೂ ಮಾಡ್ತಾನೆ ಅನ್ನೋದು ಲೆಕ್ಕಾಚಾರ. ಮಜಾ ಏನೆಂದರೆ ಇದೇ ಮೆಕಾಲೆ ಕೇಂಬ್ರಿಜ್‌ನಲ್ಲಿ 1822ರ ಗಣಿತದ ಆನರ್ಸ್ ಪರೀಕ್ಷೆಯಲ್ಲಿ ಮಗುಚಿ ಬಿದ್ದವನು. ಆನರ್ಸ್ ಪಟ್ಟಿಯಲ್ಲಿ ಹೆಸರೇ ಇಲ್ಲದೆ ಸಾದಾ ಡಿಗ್ರಿ ತಗೊಂಡ. ಆದರೂ ಅವನ ಟ್ರಿನಿಟಿ ಕಾಲೇಜು 1824ರಲ್ಲಿ ಅವನನ್ನು ಫೆಲೋ ಮಾಡಿಕೊಂಡಿತು. ಟ್ರಿನಿಟಿ ಅನ್ನೋ ಹೆಸರು ನೆನಪಿರಲಿ, ಮತ್ತೆ ಬರುತ್ತೆ.

ಈಗ 1906ರ ಮದ್ರಾಸಿಗೆ ಬನ್ನಿ. ಒಂದೇ ಊರು, ಒಂದೇ ವಿಶ್ವವಿದ್ಯಾಲಯ, ಇಬ್ಬರು ಹುಡುಗರು. ಒಬ್ಬ ಪ್ರೆಸಿಡೆನ್ಸಿ ಕಾಲೇಜಲ್ಲಿ ಎಂ.ಎ. ಓದುತ್ತಿರುವ ಸಿ.ವಿ. ರಾಮನ್. ಹುಟ್ಟಿದ್ದು 1888ರ ನವೆಂಬರ್. 1904ರಲ್ಲೇ ಬಿ.ಎ. ಮುಗಿಸಿದ್ದಾನೆ, ಮೊದಲ ಸ್ಥಾನ, ಭೌತಶಾಸ್ತ್ರಕ್ಕೆ ಚಿನ್ನದ ಪದಕ. ಇನ್ನೊಬ್ಬ ಪಚ್ಚಯ್ಯಪ್ಪ ಕಾಲೇಜಿನ ರಾಮಾನುಜನ್. ಹುಟ್ಟಿದ್ದು 1887ರ ಡಿಸೆಂಬರ್, ಅಂದರೆ ವಯಸ್ಸಲ್ಲಿ ಒಂದು ವರ್ಷ ದೊಡ್ಡವನು. ಆದರೆ ಓದುತ್ತಿರೋದು ಇನ್ನೂ ಎಫ್.ಎ., ಅಂದರೆ ಈಗಿನ ಪಿಯುಸಿಯಂಥದ್ದು.

ರಾಮಾನುಜನ್ ಶಾಲೆಯಲ್ಲಿ ದಡ್ಡ ಆಗಿರಲಿಲ್ಲ ಅನ್ನೋದನ್ನು ವಾಟ್ಸಪ್ ಪಟ್ಟಿ ಹೇಳೋದಿಲ್ಲ. ಕುಂಭಕೋಣದ ಟೌನ್ ಹೈಸ್ಕೂಲಲ್ಲಿ ಬಹುಮಾನ ಗೆದ್ದ ಹುಡುಗ. 1904ರಲ್ಲಿ ಸ್ಕಾಲರ್‌ಶಿಪ್ ಸಮೇತ ಅಲ್ಲಿನ ಸರ್ಕಾರಿ ಕಾಲೇಜು ಸೇರಿದ. ಅಷ್ಟರಲ್ಲಿ ಕಾರ್ ಎಂಬಾತ ಬರೆದ, ಸಾವಿರಾರು ಗಣಿತ ಸೂತ್ರಗಳ ಒಂದು ಪುಸ್ತಕ ಅವನ ಕೈಗೆ ಸಿಕ್ಕಿತ್ತು. ಮುಗೀತು. ಇಂಗ್ಲಿಷೂ ಬೇಡ, ರೋಮ್ ಇತಿಹಾಸವೂ ಬೇಡ, ಶರೀರಶಾಸ್ತ್ರವಂತೂ ಬೇಡವೇ ಬೇಡ. ಸ್ಕಾಲರ್‌ಶಿಪ್ ಹೋಯ್ತು. ಮನೆ ಬಿಟ್ಟು ವಿಶಾಖಪಟ್ಟಣಕ್ಕೆ ಓಡಿಹೋದ. ಆಮೇಲೆ ಮದ್ರಾಸಿಗೆ ಬಂದು ಪಚ್ಚಯ್ಯಪ್ಪ ಸೇರಿದ. 1906ರ ಡಿಸೆಂಬರಲ್ಲಿ ಎಫ್.ಎ. ಫೇಲು. 1907ರಲ್ಲಿ ಮತ್ತೆ ಕಟ್ಟಿದ, ಮತ್ತೆ ಫೇಲು. ಎಲ್ಲ ವಿಷಯಗಳಲ್ಲೂ ಪಾಸಾಗಬೇಕು ಅನ್ನೋದು ರೂಲು. ಒಂದರಲ್ಲಿ ಎಷ್ಟೇ ಬಂದರೂ ಇನ್ನೊಂದರ ಗುಂಡಿ ತುಂಬೋದಿಲ್ಲ.

ಅದೇ 1907ರ ಆರಂಭದಲ್ಲಿ ರಾಮನ್ ಎಂ.ಎ.ಯಲ್ಲೂ ಮೊದಲಿಗ. ಬೆನ್ನಿಗೇ ಸರ್ಕಾರದ ಹಣಕಾಸು ಇಲಾಖೆಯ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಅಲ್ಲೂ ಮೊದಲಿಗ. 18 ವರ್ಷಕ್ಕೇ ಕಲ್ಕತ್ತದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್. ಮೆಕಾಲೆ ಹೇಳಿದ್ದು ಅಕ್ಷರಶಃ ನಿಜವಾದಂತೆ ಕಾಣುತ್ತೆ, ಅಲ್ವಾ?

ಸ್ವಲ್ಪ ತಾಳಿ. ಫಿಲಾಸಫಿಕಲ್ ಮ್ಯಾಗಜಿನ್‌ನಂಥ ಪತ್ರಿಕೆಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಲೇಖನ ಪ್ರಕಟಿಸಿದ್ದ ಹುಡುಗನನ್ನು ಆ ಮಾರ್ಕ್ಸುಗಳು ಕರಕೊಂಡು ಹೋಗಿ ಕೂರಿಸಿದ್ದು ಎಲ್ಲಿ? ಲೆಕ್ಕಪತ್ರದ ಆಫೀಸಲ್ಲಿ. ಹತ್ತು ವರ್ಷ. ನಡುವೆ ರಂಗೂನಿಗೂ ನಾಗಪುರಕ್ಕೂ ಟ್ರಾನ್ಸ್‌ಫರ್. ಕಲ್ಕತ್ತದ ಬೌಬಜಾರ್ ಬೀದಿಯಲ್ಲಿದ್ದ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಬೆಳಿಗ್ಗೆ ಆಫೀಸಿಗೆ ಮುಂಚೆ ಒಂದಷ್ಟು ಹೊತ್ತು, ಸಂಜೆ ಆಫೀಸಾದ ಮೇಲೆ ಒಂದಷ್ಟು ಹೊತ್ತು. ನಮ್ಮಲ್ಲಿ ವೀಕೆಂಡ್ ಸೈಡ್ ಪ್ರಾಜೆಕ್ಟ್ ಮಾಡೋರು ಎದೆ ತಟ್ಟಿಕೊಳ್ಳಬಹುದು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪ್ರೊಫೆಸರ್ ಹುದ್ದೆ ಬಂದಾಗ, ಸಂಬಳ ಕಡಿಮೆ ಅಂತ ಗೊತ್ತಿದ್ದೂ ಆ ಕೆಲಸ ಬಿಟ್ಟು ಬಂದರು. 1928ರ ಸಂಶೋಧನೆ, 1930ರ ನೊಬೆಲ್, ಆಮೇಲೆ ನಮ್ಮ ಬೆಂಗಳೂರು, ಎಲ್ಲ ಅದರ ನಂತರದ್ದು. ಪರೀಕ್ಷೆ ಅವರಲ್ಲಿ ಏನೋ ಇದೆ ಅನ್ನೋದನ್ನು ಸರಿಯಾಗೇ ಹೇಳಿತ್ತು. ಏನಿದೆ ಅನ್ನೋದನ್ನು ಹೇಳಿರಲಿಲ್ಲ.

ರಾಮಾನುಜನ್ ವಿಷಯಕ್ಕೆ ವಾಪಸ್ ಬರೋಣ. 1907ರಿಂದ 1912ರ ತನಕ ಆತ ಏನು ಮಾಡುತ್ತಿದ್ದ? ಕೆಲಸ ಹುಡುಕುತ್ತಿದ್ದ. ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಬದಲು ನೋಟ್‌ಬುಕ್ಕುಗಳು. 1909ರಲ್ಲಿ ಮದುವೆಯಾಗಿತ್ತು, ಸಂಪಾದನೆ ಇಲ್ಲ. ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಹತ್ತಿರ ಹೋಗಿ ಒಂದು ಗುಮಾಸ್ತೆ ಕೆಲಸ ಕೇಳಿದ. ಅವರು ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿ ಕಟ್ಟಿದವರು. ನೋಟ್‌ಬುಕ್ ನೋಡಿ ದಂಗಾಗಿ, ಇವನನ್ನು ರೆವಿನ್ಯೂ ಆಫೀಸಿನ ಮೂಲೆಯಲ್ಲಿ ಕೂರಿಸಬಾರದು ಅಂತ ಮದ್ರಾಸಿನ ಪರಿಚಯದವರಿಗೆ ಪತ್ರ ಕೊಟ್ಟು ಕಳಿಸಿದರು. ಅಲ್ಲಿಂದ ಶೇಷು ಅಯ್ಯರ್, ಅಲ್ಲಿಂದ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್. ರಾವ್ ತಮ್ಮ ಜೇಬಿನಿಂದ ತಿಂಗಳಿಗೆ 25 ರೂಪಾಯಿ ಕೊಡೋಕೆ ಶುರು ಮಾಡಿದರು. ದಾನದ ದುಡ್ಡಲ್ಲಿ ಎಷ್ಟು ದಿನ ಅಂತ ರಾಮಾನುಜನ್‌ಗೇ ಅನ್ನಿಸಿ ಮತ್ತೆ ಕೆಲಸ ಹುಡುಕಿದ. ಕೆಲವು ವಾರ ಸಿಕ್ಕಿದ್ದೆಲ್ಲಿ ಗೊತ್ತಾ? ಮದ್ರಾಸಿನ ಅಕೌಂಟೆಂಟ್ ಜನರಲ್ ಆಫೀಸಲ್ಲಿ, ಟೆಂಪರರಿ ಗುಮಾಸ್ತೆ, ತಿಂಗಳಿಗೆ 20 ರೂಪಾಯಿ. ರಾಮನ್ ಅಧಿಕಾರಿಯಾಗಿದ್ದದ್ದೂ ಇದೇ ಇಲಾಖೆಯಲ್ಲೇ. ಇಬ್ಬರಿಗೂ ಪರೀಕ್ಷೆ ನಡೆಸಿದ ವಿಶ್ವವಿದ್ಯಾಲಯ ಒಂದೇ. ಈ ಸಾಲು ಓದಿದಾಗ ಫೋನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

1912ರ ಫೆಬ್ರವರಿಯಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿಗೆ ಆತ ಅರ್ಜಿ ಹಾಕಿದ. ಆ ಅರ್ಜಿ ನಮ್ಮೆಲ್ಲರ ರೆಸ್ಯೂಮೆಗಳ ಅಜ್ಜ. ಮೆಟ್ರಿಕ್ ಪಾಸು, ಎಫ್.ಎ. ತನಕ ಓದಿದ್ದೇನೆ, ಕೆಲವು ಅನನುಕೂಲಗಳಿಂದ ಮುಂದುವರಿಸಲಾಗಲಿಲ್ಲ ಅನ್ನೋ ಅರ್ಥದಲ್ಲಿ ಬರೆದ. ಫೇಲು ಅನ್ನೋ ಪದ ಅದರಲ್ಲಿಲ್ಲ. 'ಕೆರಿಯರ್ ಗ್ಯಾಪ್' ಅಂತ ಬರೆದು ಬೆವರುವವರಿಗೆ ಆ ಸಂಕಟ ಅರ್ಥವಾಗುತ್ತೆ. ಅರ್ಜಿಯ ಜೊತೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರೊಫೆಸರ್ ಮಿಡ್ಲ್‌ಮಾಸ್ಟ್ ಅವರ ಶಿಫಾರಸು ಇತ್ತು. ಕೆಲಸ ಸಿಕ್ಕಿತು, 30 ರೂಪಾಯಿ ಸಂಬಳ. ಅಲ್ಲಿನ ಮುಖ್ಯ ಲೆಕ್ಕಾಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಬೆನ್ನಿಗೆ ನಿಂತರು. 1913ರ ಜನವರಿ 16ರಂದು ಹಾರ್ಡಿಗೆ ಆ ಪ್ರಸಿದ್ಧ ಪತ್ರ ಹೋಯಿತು. ಅದಕ್ಕೂ ಮೊದಲು ಕೇಂಬ್ರಿಜ್‌ನ ಇನ್ನಿಬ್ಬರು ದೊಡ್ಡವರಿಗೆ ಬರೆದು ಏನೂ ಗಿಟ್ಟಿರಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರೋ ಕತೆ. ನನಗೆ ಅದಕ್ಕಿಂತ ಕುತೂಹಲ ಅನ್ನಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯ 1913ರಲ್ಲಿ ಏನು ಮಾಡಿತು ಅನ್ನೋದು. ಎರಡು ಸಲ ಫೇಲು ಮಾಡಿದ್ದ ಅದೇ ವಿಶ್ವವಿದ್ಯಾಲಯ ಆತನಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಅದು ಎಂ.ಎ. ಮಾಡಿದವರಿಗೆ ಮೀಸಲಾಗಿದ್ದ ವೇತನ. ರೂಲು ಬಗ್ಗಿಸಿದರು. ಬಗ್ಗಿಸೋಕೆ ಹವಾಮಾನ ಇಲಾಖೆಯ ಗಿಲ್ಬರ್ಟ್ ವಾಕರ್ ಪತ್ರ ಬರೆಯಬೇಕಾಯಿತು, ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಹನುಮಂತ ರಾವ್ ಸಭೆ ಕರೆಯಬೇಕಾಯಿತು, ಹಾರ್ಡಿಯ ಹೆಸರು ಬೇಕಾಯಿತು. 1914ರ ಮಾರ್ಚಲ್ಲಿ ರಾಮಾನುಜನ್ ಹಡಗು ಹತ್ತಿದ್ದು ಟ್ರಿನಿಟಿ ಕಾಲೇಜಿಗೆ. ಹೌದು, ಮೆಕಾಲೆಯ ಟ್ರಿನಿಟಿ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ. 1920ರಲ್ಲಿ 32ನೇ ವಯಸ್ಸಿಗೆ ಸಾವು. ಆತ ಬೇಗ ಸತ್ತದ್ದಕ್ಕಿಂತ ದೊಡ್ಡ ನಷ್ಟ ಎಫ್.ಎ. ಫೇಲಾದ ಮೇಲಿನ ಆ ಐದು ವರ್ಷ ಪೋಲಾದದ್ದು ಅಂತ ಹಾರ್ಡಿ ಮುಂದೆ ಬರೆದ.

ಈಗ ಎಣಿಸಿ ನೋಡಿ. ರಾಮಸ್ವಾಮಿ ಅಯ್ಯರ್, ಶೇಷು ಅಯ್ಯರ್, ರಾಮಚಂದ್ರ ರಾವ್, ಮಿಡ್ಲ್‌ಮಾಸ್ಟ್, ನಾರಾಯಣ ಅಯ್ಯರ್, ಸ್ಪ್ರಿಂಗ್, ವಾಕರ್, ಹನುಮಂತ ರಾವ್, ಹಾರ್ಡಿ. ಒಂದು ಎಫ್.ಎ. ಸರ್ಟಿಫಿಕೇಟ್ ಮಾಡಬೇಕಿದ್ದ ಕೆಲಸಕ್ಕೆ ಒಂಬತ್ತು ಜನ ಬೇಕಾದರು. ಪಾಸಾದ ರಾಮನ್‌ಗೆ ಕಲ್ಕತ್ತದ ಕೆಲಸಕ್ಕೆ ಯಾರ ಪತ್ರವೂ ಬೇಕಾಗಲಿಲ್ಲ, ರ‍್ಯಾಂಕೇ ಪತ್ರ.

ನಂಗೆ ತೋಚಿದ್ದು ಇದು. ಮಾರ್ಕ್ಸ್ ಮುಖ್ಯವಾ ಅಂತ ಕೇಳಿದರೆ, ಯಾರಿಗೆ ಅಂತ ಮೊದಲು ಕೇಳಬೇಕು. ಪರಿಚಯ ಇದ್ದವರಿಗೆ ಅದು ಅಷ್ಟಕ್ಕಷ್ಟೇ. ಇಲ್ಲದವರಿಗೆ ಅದೇ ಪರಿಚಯ.

ಈ ಕತೆಯಲ್ಲಿ ನಮ್ಮ ಊರೂ ಇದೆ. ಮೈಸೂರು ಸಂಸ್ಥಾನಕ್ಕೆ 1916ರ ತನಕ ಸ್ವಂತ ವಿಶ್ವವಿದ್ಯಾಲಯ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹುಡುಗರೂ ಬರೆಯುತ್ತಿದ್ದದ್ದು ಮದ್ರಾಸಿನ ಪರೀಕ್ಷೆಯನ್ನೇ. 1881ರಲ್ಲಿ ಅಲ್ಲಿಂದ ಬಿ.ಎ. ಮುಗಿಸಿದ ಒಬ್ಬ ಹುಡುಗನಿಗೆ ಎಳೆಯ ವಯಸ್ಸಿನಲ್ಲೇ ತಂದೆ ತೀರಿಹೋಗಿದ್ದರು. ಮನೆಪಾಠ ಹೇಳಿಕೊಂಡು ಓದಿದವನು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಗೆ ಹೋದ. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಮರುವರ್ಷವೇ ಬೊಂಬಾಯಿ ಪಿಡಬ್ಲ್ಯುಡಿಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್. ಎಂ. ವಿಶ್ವೇಶ್ವರಯ್ಯ. ಮುದ್ದೇನಹಳ್ಳಿಯ ಹುಡುಗನನ್ನು ಬೊಂಬಾಯಿ ಸರ್ಕಾರದ ಕುರ್ಚಿಗೆ ತಲುಪಿಸೋ ಬೇರೆ ದಾರಿ ಆ ಕಾಲದಲ್ಲಿ ಇತ್ತಾ? ನಂಗಂತೂ ಕಾಣಲ್ಲ. ಮೆಟ್ರಿಕ್ ದಾಟದ ಡಿ.ವಿ. ಗುಂಡಪ್ಪನವರೂ ಇದ್ದಾರೆ, ರಾಮಾನುಜನ್ ಹುಟ್ಟಿದ 1887ರಲ್ಲೇ ಹುಟ್ಟಿದವರು. ಸರ್ಕಾರಿ ಕೆಲಸದ ಬಾಗಿಲು ಮುಚ್ಚಿತ್ತು. ಮಾರ್ಕ್ಸ್ ಕೇಳದ ಪತ್ರಿಕೋದ್ಯಮಕ್ಕೆ ಹೋದರು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದೂ ಒಂದು ವಾಟ್ಸಪ್ ಪಟ್ಟಿ ಆಗುತ್ತೆ. ಇಲ್ಲಿ ಪಾಸಾದವರ ಹೆಸರು ನೋಡಿ, ಫೇಲಾದವರ ಹೆಸರೂ ನೋಡಿ. ನಾಲ್ವರೂ ಬ್ರಾಹ್ಮಣರ ಮನೆಯ ಹುಡುಗರು. ರಾಮಾನುಜನ್ ಬಡವ, ಊಟಕ್ಕೆ ಕಷ್ಟ ಇತ್ತು, ನಿಜ. ಆದರೂ ಡೆಪ್ಯುಟಿ ಕಲೆಕ್ಟರ್ ಮನೆಯ ಜಗಲಿ ಹತ್ತಿ ನೋಟ್‌ಬುಕ್ ಬಿಚ್ಚೋದು ಆತನಿಗೆ ಸಾಧ್ಯವಿತ್ತು. ಆ ಜಗಲಿ ಹತ್ತಲಾಗದ ಮನೆಯಲ್ಲಿ ಹುಟ್ಟಿ, ಪರೀಕ್ಷೆಯ ಕೋಣೆಯನ್ನೂ ನೋಡದ ಹುಡುಗ ಯಾವ ಪಟ್ಟಿಯಲ್ಲೂ ಇಲ್ಲ.

ಈ ಮಾತು ಮೈಸೂರಿನಲ್ಲಿ ಬಹಿರಂಗವಾಗಿ ಎದ್ದದ್ದು ವಿಶ್ವೇಶ್ವರಯ್ಯ ದಿವಾನರಾಗಿದ್ದಾಗಲೇ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಸರ್ಕಾರಿ ಹುದ್ದೆಗಳಲ್ಲಿ ಒಂದೇ ಜಾತಿಯವರು ತುಂಬಿದ್ದಾರೆ ಅಂತ ಮಹಾರಾಜರ ಬಳಿ ಅಹವಾಲು ಹೋಯಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಸಮಿತಿ 1919ರಲ್ಲಿ ಹೇಳಿತು. ವಿಶ್ವೇಶ್ವರಯ್ಯ ಅಷ್ಟರಲ್ಲಿ ರಾಜೀನಾಮೆ ಕೊಟ್ಟಾಗಿತ್ತು. ಅರ್ಹತೆಯನ್ನು ಪಕ್ಕಕ್ಕಿಟ್ಟರೆ ಆಡಳಿತ ಸೊರಗುತ್ತದೆ, ಬೇಕಿದ್ದರೆ ಶಿಕ್ಷಣಕ್ಕೆ ಇನ್ನಷ್ಟು ಹಣ ಹಾಕೋಣ ಅನ್ನೋದು ಅವರ ವಾದ. ಅವರದ್ದು ಬರೀ ಜಾತಿಯ ಮಾತು ಅಂತ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ. ಮಾರ್ಕ್ಸನ್ನೇ ನಂಬಿ ಮೇಲೆ ಬಂದ ಮನುಷ್ಯನಿಗೆ ಅದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ ಅನ್ನಿಸೋದು ಸಹಜ. ಆದರೆ ಅವರು ಹತ್ತಿದ ಏಣಿಯ ಮೊದಲ ಮೆಟ್ಟಿಲೇ ಎಷ್ಟೋ ಜನರ ತಲೆಗಿಂತ ಎತ್ತರದಲ್ಲಿತ್ತು. ಮಿಲ್ಲರ್ ಸಮಿತಿ ಹೇಳಿದ್ದು ಅದನ್ನೇ, ಮತ್ತು ಈ ವಿಷಯದಲ್ಲಿ ನಾನು ಮಿಲ್ಲರ್ ಕಡೆ.

ಈಗ ನನ್ನ 378ರ ಕತೆ. ಮೊದಲು ಬಂದದ್ದು 370, ಅಂದರೆ 59.2. ನಮ್ಮ ಮನೆಯಲ್ಲಿ ಪಾಸಾದನಲ್ಲ ಅಂತ ಪೇಡ ಹಂಚಿ ಆಗಿತ್ತು. ಗಣಿತದ ಮೇಷ್ಟ್ರು ಮನೆಗೇ ಬಂದು ಅಪ್ಪನ ಹತ್ತಿರ 'ಇವನು ಇದಕ್ಕಿಂತ ಚೆನ್ನಾಗಿ ಬರೆದಿರ್ತಾನೆ ಕಣ್ರಿ, ರೀಟೋಟಲಿಂಗ್‌ಗೆ ಹಾಕಿ' ಅಂದರು. ಅಪ್ಪನಿಗೆ ಹಾಗಂದ್ರೇನು ಅಂತಲೇ ಗೊತ್ತಿರಲಿಲ್ಲ. ಫಾರ್ಮ್ ತುಂಬಿದ್ದು ಮೇಷ್ಟ್ರೇ, ಫೀಸು ಕಟ್ಟಿದ್ದೂ ಅವರೇ. ಕೂಡೋದರಲ್ಲಿ ತಪ್ಪಾಗಿ ಎಂಟು ಮಾರ್ಕ್ಸ್ ಬಿಟ್ಟುಹೋಗಿತ್ತು. ಆ ಎಂಟು ಸಿಗದಿದ್ದರೆ ನನ್ನ ಹೆಸರೂ ಯಾರದೋ ಎಕ್ಸೆಲ್ ಶೀಟಿನ ಕೆಳಗೆ ಬೀಳುತ್ತಿತ್ತು.

ನಮ್ಮ ಕಂಪನಿಯಲ್ಲಿ ರೆಫರಲ್ ಅಂತ ಒಂದಿದೆ. ಉದ್ಯೋಗಿಯೊಬ್ಬ ಹೆಸರು ಸೂಚಿಸಿದರೆ ಆ ಹೆಸರು 60ರ ಫಿಲ್ಟರ್ ಹಾದುಬರಬೇಕಿಲ್ಲ, ಸೀದಾ ಟೆಸ್ಟ್‌ಗೆ. ಇದು ನಂಗೆ ಮೊದಲೂ ಗೊತ್ತಿತ್ತು. ಬಾಮೈದನಿಗೆ, ಹಳೇ ರೂಮ್‌ಮೇಟಿಗೆ ಹಾಕಿಕೊಟ್ಟಿದ್ದೆ ಕೂಡ. ಆ ಹುಡುಗನಿಗೆ 'ಪಾಲಿಸಿ' ಅಂತ ಬರೆದಾಗ ಅದು ನೆನಪಿಗೇ ಬಂದಿರಲಿಲ್ಲ, ಅವನು ನಮ್ಮೋನು ಅಲ್ಲವಲ್ಲ. ಮಾರನೇ ದಿನ ಪೋರ್ಟಲ್ ತೆಗೆದು ಅವನ ಹೆಸರು ಟೈಪ್ ಮಾಡಿದೆ. ಕೊನೆಯಲ್ಲಿ ಒಂದು ಪ್ರಶ್ನೆ: ಅಭ್ಯರ್ಥಿ ನಿಮಗೆ ಹೇಗೆ ಪರಿಚಯ? ಸಂಬಂಧಿ, ಸಹಪಾಠಿ, ಹಳೆಯ ಸಹೋದ್ಯೋಗಿ, ಇತರೆ. 'ಇತರೆ' ಒತ್ತಿದರೆ ವಿವರ ಕೇಳುತ್ತೆ. ತುಂಬಾ ಹೊತ್ತು ಯೋಚಿಸಿ 'ಅವನ ಕೋಡ್ ಓದಿದ್ದೇನೆ' ಅಂತ ಬರೆದೆ.

ಟೆಸ್ಟ್ ಬರುವ ಗುರುವಾರ. ಅವನು ಮೆಸೇಜ್ ಮಾಡಿದ್ದಾನೆ, ಏನೇನು ಓದಿಕೊಳ್ಳಲಿ ಸರ್ ಅಂತ. ಶೀಟಿನ ಕೆಳಭಾಗದಲ್ಲಿ ಉಳಿದವರ ಹೆಸರುಗಳು ಹಾಗೇ ಇವೆ. ಅವರ ಕೋಡನ್ನು ನಾನು ಓದಿಲ್ಲ.